ಎರಡನೆಯ ಆಯ್ಕೆಯಾಗಿ ಬಂದವರು: ಪ್ರಾಗ್‌ನಲ್ಲಿ ಸ್ಕಾಟಿಷ್ ತರಬೇತುದಾರರೊಬ್ಬರ ಇಪ್ಪತ್ತೈದು ವರ್ಷ

ನಾಲ್ಕು ಪಂದ್ಯ ಸೋತರೆ ತರಬೇತುದಾರರನ್ನು ಮನೆಗೆ ಕಳಿಸುವ ಸಮಿತಿಗಳನ್ನು ಬೆಂಗಳೂರಿನ ಮೈದಾನಗಳ ಅಂಚಿನಲ್ಲಿ ಕುಳಿತು ನಾನು ಬಹಳ ಕಂಡಿದ್ದೇನೆ. ಆಮೇಲೆ ಬರುವ ಹೊಸಬರು ಹಿಂದಿನವರು ಕಲಿಸಿದ್ದನ್ನೆಲ್ಲ ಅಳಿಸಿ ಮತ್ತೆ ಅ ಆ ಇ ಈಯಿಂದ ಶುರು ಮಾಡುತ್ತಾರೆ. ಅಷ್ಟರಲ್ಲಿ ಹುಡುಗರ ಎರಡು ವರ್ಷ ಕಳೆದುಹೋಗಿರುತ್ತದೆ. ಅಂಥ ಸಂಜೆಗಳಲ್ಲಿ ನನಗೆ ನೆನಪಾಗುವ ಪ್ರಕರಣವೊಂದಿದೆ. ನಡೆದದ್ದು ನೂರಿಪ್ಪತ್ತು ವರ್ಷಗಳ ಹಿಂದೆ, ಪ್ರಾಗ್ ನಗರದಲ್ಲಿ. ಅದರ ಒಂದು ಕಡೆ ಒಂದು ಕ್ಲಬ್, ಇನ್ನೊಂದು ಕಡೆ ಅದು ಕರೆಸಿಕೊಂಡ ಸ್ಕಾಟ್ಲೆಂಡಿನ ಮಾಜಿ ಆಟಗಾರರು.

ಅವರ ಹೆಸರನ್ನು, ಅವರು ಆಡಿದ ಮತ್ತು ಕಲಿಸಿದ ಕ್ಲಬ್‌ಗಳ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಹೆಸರು ಬಂದ ಕೂಡಲೇ ಓದುವವರ ಕಣ್ಣು ಪದಕಗಳ ಕಡೆಗೆ ಹೋಗುತ್ತದೆ. ನನಗೆ ಬೇಕಿರುವುದು ಆ ಪದಕಗಳ ಹಿಂದಿನ ನಿರ್ಧಾರಗಳು. ಪ್ರಾಗ್‌ನ ಆಟಗಾರರು ಅವರನ್ನು ಝೆಕ್ ಭಾಷೆಯಲ್ಲಿ ‘ಡ್ಯೆಡೆಕ್’ ಎಂದು ಕರೆಯುತ್ತಿದ್ದರು. ಮುದುಕಪ್ಪ, ತಾತ ಎಂದು ಅರ್ಥ. ಸಲಿಗೆಯೂ ಪ್ರೀತಿಯೂ ಬೆರೆತ ಆ ಹೆಸರನ್ನೇ ಇಲ್ಲಿ ಇಟ್ಟುಕೊಳ್ಳುತ್ತೇನೆ.

ಹಡಗುಕಟ್ಟೆಯಿಂದ ಮೈದಾನಕ್ಕೆ

ತಾತ ಹುಟ್ಟಿದ್ದು 1865ರಲ್ಲಿ, ಕ್ಲೈಡ್ ನದಿಯ ದಡದ ಡಂಬಾರ್ಟನ್ನಿನಲ್ಲಿ. ಹಡಗು ಕಟ್ಟುವುದೇ ಬದುಕಾಗಿದ್ದ ಊರು ಅದು. ಅವರ ಮೊದಲ ಕಸುಬು ಅಲ್ಲಿಯೇ, ಹಡಗಿನ ಉಕ್ಕಿನ ಹಲಗೆಗಳನ್ನು ಜೋಡಿಸುವ ದಪ್ಪ ಮೊಳೆಯಾದ ರಿವೆಟ್ ಹೊಡೆಯುವುದು. ಈ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಒಬ್ಬ ಹುಡುಗ ಕುಲುಮೆಯಲ್ಲಿ ರಿವೆಟ್ ಕಾಯಿಸುತ್ತಾನೆ. ಅದು ಕೆಂಪಗಾದೊಡನೆ ಇಕ್ಕಳದಿಂದ ಎತ್ತಿ ಮುಂದಕ್ಕೆ ಸಾಗಿಸುತ್ತಾನೆ. ಇನ್ನೊಬ್ಬ ಅದನ್ನು ಉಕ್ಕಿನ ಹಲಗೆಯ ತೂತಿಗೆ ತೂರಿಸುತ್ತಾನೆ. ಮೂರನೆಯವನು ಒಳಗಿನಿಂದ ಭಾರವಾದ ಸುತ್ತಿಗೆಯನ್ನು ಆನಿಸಿ ಹಿಡಿಯುತ್ತಾನೆ. ಹೊರಗೆ ಇಬ್ಬರು, ಒಬ್ಬ ಬಲಗೈಯವನು ಇನ್ನೊಬ್ಬ ಎಡಗೈಯವನು, ಒಬ್ಬರ ಪೆಟ್ಟು ಮುಗಿಯುತ್ತಲೇ ಇನ್ನೊಬ್ಬರ ಪೆಟ್ಟು ಬೀಳುವ ಹಾಗೆ ಬಡಿಯುತ್ತಾರೆ. ಕಬ್ಬಿಣ ಆರುವ ಮೊದಲು ಎಲ್ಲವೂ ಮುಗಿಯಬೇಕು. ಒಬ್ಬ ಒಂದು ಕ್ಷಣ ತಡಮಾಡಿದರೂ ರಿವೆಟ್ ಕೆಡುತ್ತದೆ, ತಪ್ಪು ಯಾರದೆಂದು ತಂಡಕ್ಕೆಲ್ಲ ತಿಳಿಯುತ್ತದೆ.

ಆ ನಾಡಿನ ಫುಟ್‌ಬಾಲೂ ಇದೇ ಬಗೆಯದು. 1872ರ ನವೆಂಬರ್ 30ರಂದು ಗ್ಲಾಸ್ಗೋದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಆಡಿದವು. ಯಾರೂ ಗೋಲು ಹೊಡೆಯಲಿಲ್ಲ. ಇಂಗ್ಲಿಷರು ತಲೆ ತಗ್ಗಿಸಿ ಚೆಂಡನ್ನು ಕಾಲಿಗೆ ಅಂಟಿಸಿಕೊಂಡು ಒಬ್ಬೊಬ್ಬರೇ ನುಗ್ಗುತ್ತಿದ್ದ ಕಾಲದಲ್ಲಿ ಸ್ಕಾಟ್ಲೆಂಡಿನವರು ಚೆಂಡನ್ನು ಒಬ್ಬರಿಂದೊಬ್ಬರಿಗೆ ಸಾಗಿಸುತ್ತಾ ಹೋಗುವ ಆಟವನ್ನು ಬೆಳೆಸಿದರು. ತಾತ ಹುಟ್ಟಿ ಬೆಳೆದದ್ದು ಆ ಪಾಸಿನ ಆಟದೊಳಗೆ. ರಿವೆಟ್ ತಂಡದ ಲಯವೂ ಪಾಸಿನ ಲಯವೂ ಅವರ ಮೈಯಲ್ಲಿ ಒಂದೇ ಆಗಿ ಕೂಡಿಕೊಂಡಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಇದು ನನ್ನ ಓದು ಮಾತ್ರ.

ಆಟಗಾರರಾಗಿ ಅವರು ಸಣ್ಣವರೇನಲ್ಲ. ಗ್ಲಾಸ್ಗೋದ ಪೂರ್ವಭಾಗದಲ್ಲಿ ಐರಿಷ್ ವಲಸಿಗರ ನಡುವೆ ಹುಟ್ಟಿದ ಕ್ಲಬ್ 1888ರ ಮೇ ತಿಂಗಳಲ್ಲಿ ತನ್ನ ಮೊಟ್ಟಮೊದಲ ಪಂದ್ಯಕ್ಕೆ ಇಳಿದಾಗ ಮುಂಚೂಣಿಯಲ್ಲಿ ಅವರೂ ಇದ್ದರು. ಮುಂದೆ ಅದೇ ಕ್ಲಬ್ಬಿನೊಂದಿಗೆ 1893, 1894 ಮತ್ತು 1896ರಲ್ಲಿ ಲೀಗ್ ಗೆದ್ದರು. ದೇಶಕ್ಕಾಗಿ ಆಡಿದ್ದು ಎರಡೇ ಪಂದ್ಯ, ಎರಡೂ ವೇಲ್ಸ್ ವಿರುದ್ಧ. 1893ರಲ್ಲಿ ರೆಕ್ಸಮ್‌ನಲ್ಲಿ ಸ್ಕಾಟ್ಲೆಂಡ್ 8–0ಯಿಂದ ಗೆದ್ದಾಗ ನಾಲ್ಕು ಗೋಲು ಅವರದು. ಆಮೇಲಿನ ಕಥೆ ಆ ತಲೆಮಾರಿನ ಬಹುತೇಕ ಆಟಗಾರರ ಕಥೆಯೇ. ಕಾಲು ನಿಧಾನವಾಯಿತು, ಕ್ಲಬ್‌ಗಳು ಬದಲಾದವು, ಗುಂಪಿನ ಕೂಗು ಬೇರೆಯವರ ಕಡೆ ತಿರುಗಿತು. ನಲವತ್ತರ ಹೊಸ್ತಿಲಲ್ಲಿ ನಿಂತ ಮಾಜಿ ಆಟಗಾರನಿಗೆ ಅಂದು ಪಿಂಚಣಿಯೂ ಇರಲಿಲ್ಲ, ತರಬೇತುದಾರ ಎಂಬ ಭದ್ರವಾದ ಉದ್ಯೋಗವೂ ಇರಲಿಲ್ಲ. ಬ್ರಿಟನ್ನಿನಲ್ಲಿ ತಂಡವನ್ನು ಆರಿಸುತ್ತಿದ್ದದ್ದು ಹೆಚ್ಚಾಗಿ ನಿರ್ದೇಶಕರು. ಮೈಕಟ್ಟು ನೋಡಿಕೊಳ್ಳಲು ಒಬ್ಬ ಟ್ರೇನರ್ ಇದ್ದರೆ ಸಾಕಾಗಿತ್ತು. ಆಟವನ್ನು ಕಲಿಸಬೇಕು ಎಂಬ ಯೋಚನೆಯೇ ಆ ಆಟದ ತವರಿನಲ್ಲಿ ಬೇರೂರಿರಲಿಲ್ಲ.

ಪ್ರಾಗ್‌ಗೆ ಬೇಕಾಗಿದ್ದದ್ದು

ಪ್ರಾಗ್‌ನ ಕ್ಲಬ್ ಹುಟ್ಟಿದ್ದು 1892ರಲ್ಲಿ. ವಿದ್ಯಾರ್ಥಿಗಳ ನಡುವೆ ಬೆಳೆದ ಅದು 1896ರಲ್ಲಿ ಫುಟ್‌ಬಾಲಿಗೆ ಬಂತು. ಕೆಂಪು ಬಿಳಿಯ ಅಂಗಿ, ಎದೆಯ ಮೇಲೊಂದು ನಕ್ಷತ್ರ. ಆಗ ಪ್ರಾಗ್ ಇದ್ದದ್ದು ಆಸ್ಟ್ರಿಯ-ಹಂಗರಿ ಸಾಮ್ರಾಜ್ಯದೊಳಗೆ. ನಗರದಲ್ಲಿ ಝೆಕ್ ಮಾತಾಡುವವರ ಕ್ಲಬ್ ಒಂದು, ಜರ್ಮನ್ ಮಾತಾಡುವವರದು ಇನ್ನೊಂದು. ಹಾಗಾಗಿ ಪ್ರತಿ ಪಂದ್ಯದಲ್ಲೂ ಗೋಲಿನ ಲೆಕ್ಕಕ್ಕಿಂತ ದೊಡ್ಡದೊಂದು ಪಣಕ್ಕಿರುತ್ತಿತ್ತು. ಆಟಗಾರರೋ ಹವ್ಯಾಸಿಗಳು. ಹುಮ್ಮಸ್ಸಿಗೆ ಕೊರತೆಯಿರಲಿಲ್ಲ, ಆದರೆ ಕಲಿಸಿಕೊಡುವವರು ಯಾರೂ ಇರಲಿಲ್ಲ. 1904ರಲ್ಲಿ ಗ್ಲಾಸ್ಗೋದ ತಂಡವೊಂದು ಪ್ರವಾಸದಲ್ಲಿ ಪ್ರಾಗ್‌ಗೆ ಬಂದು ಆಡಿತು. ಅದು ತಾತ ಮೊದಲು ಆಡುತ್ತಿದ್ದ ಕ್ಲಬ್ಬೇ. ನಮಗೂ ಅವರಿಗೂ ಇರುವ ದೂರವನ್ನು ಓಡಿ ಮುಟ್ಟಲು ಆಗುವುದಿಲ್ಲ, ಕಲಿತು ಮುಟ್ಟಬೇಕು ಎಂಬುದು ಕ್ಲಬ್ಬಿನ ಹಿರಿಯರಿಗೆ ಮನದಟ್ಟಾಯಿತು. ಸ್ಕಾಟ್ಲೆಂಡಿನಿಂದ ಒಬ್ಬರನ್ನು ಕರೆಸುವುದೆಂದು ಗೊತ್ತುಮಾಡಿದರು.

ಅವರ ಮೊದಲ ಆಯ್ಕೆ ತಾತ ಆಗಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಗ್ಲಾಸ್ಗೋದ ಎದುರಾಳಿ ಕ್ಲಬ್ಬಿನ ಹೆಸರಾಂತ ಹಾಫ್ ಬ್ಯಾಕ್, ಅಂದರೆ ಮೈದಾನದ ನಡುಭಾಗದ ಆಟಗಾರರು. ಅವರು ಬರಲಿಲ್ಲ. ಅದೇ 1905ರಲ್ಲಿ ಲಂಡನ್ನಿನಲ್ಲಿ ಹೊಸದಾಗಿ ಹುಟ್ಟಿದ ಕ್ಲಬ್ಬಿಗೆ ಆಟಗಾರರೂ ವ್ಯವಸ್ಥಾಪಕರೂ ಆಗಿ ಹೋದರು. ಆ ಹೆಸರಾಂತ ಆಟಗಾರರ ಅಂಗಿ ತೊಟ್ಟು ತೆಗೆಸಿಕೊಂಡ ಚಿತ್ರವೊಂದು ಪ್ರಾಗ್‌ಗೆ ಹೋಗಿತ್ತು, ಅದರಲ್ಲಿದ್ದ ಮುಖ ಮಾತ್ರ ತಾತನದು ಎಂಬ ಕಥೆ ಅಲ್ಲಿ ಇಂದಿಗೂ ಓಡಾಡುತ್ತದೆ. ಅದನ್ನು ಕಥೆಯೆಂದೇ ಕೇಳಬೇಕು. ಪ್ರಕರಣಕ್ಕೆ ಮುಖ್ಯವಾದದ್ದು ಇಷ್ಟೇ: 1905ರ ಫೆಬ್ರುವರಿಯಲ್ಲಿ ಚಳಿಗಾಲದ ಪ್ರಾಗ್‌ಗೆ ಬಂದಿಳಿದವರು ಎರಡನೆಯ ಆಯ್ಕೆಯವರು. ವಯಸ್ಸು ಮೂವತ್ತೊಂಬತ್ತು. ಝೆಕ್ ಭಾಷೆಯ ಒಂದು ಪದವೂ ಬಾರದು.

ಭಾಷೆಯಿಲ್ಲದೆ ಕಲಿಸಿದ್ದು

ಆ ಮೊದಲ ದಿನಗಳನ್ನು ಊಹಿಸಿಕೊಳ್ಳಿ. ಎದುರಿಗೆ ನಿಂತವರು ಓದುಬರಹ ಬಲ್ಲ ಹುಡುಗರು, ವಾದ ಮಾಡಬಲ್ಲವರು. ಮುಂದೆ ದೇಶದ ಅಧ್ಯಕ್ಷರಾದವರೊಬ್ಬರು ಕೂಡ ಎಳೆಯ ವಯಸ್ಸಿನಲ್ಲಿ ಆ ಕ್ಲಬ್ಬಿನ ಅಂಗಿ ತೊಟ್ಟವರೇ. ಕಲಿಸಲು ಬಂದವರು ಹಡಗುಕಟ್ಟೆಯ ಕೆಲಸಗಾರರು, ಹೇಳಬೇಕಾದದ್ದಕ್ಕೆ ಭಾಷೆಯಿಲ್ಲದವರು. ಇಂಥ ಜಾಗದಲ್ಲಿ ಬಹುತೇಕರು ದುಭಾಷಿಯನ್ನು ಹುಡುಕುತ್ತಾರೆ, ಇಲ್ಲವೇ ಗದರಿಸಿ ಕೆಲಸ ಮಾಡಿಸುತ್ತಾರೆ. ತಾತ ಮೈಯಿಂದ ಶುರು ಮಾಡಿದರು.

ಅವರಿಗೆ ಮಾಲೀಶು ಗೊತ್ತಿತ್ತು. ಸ್ನಾಯು ಹಿಡಿದುಕೊಂಡರೆ ಎಲ್ಲಿ ಒತ್ತಬೇಕು, ಉಳುಕಿದ ಕಾಲನ್ನು ಹೇಗೆ ಸರಿಪಡಿಸಬೇಕು ಎಂಬುದು ಕೈಗೆ ತಿಳಿದಿತ್ತು. ಆಟಗಾರನನ್ನು ಬೆಂಚಿನ ಮೇಲೆ ಮಲಗಿಸಿ ಅವನ ತೊಡೆಯನ್ನು ತಿಕ್ಕುವ ಮನುಷ್ಯನ ಬಳಿ ಹೆಚ್ಚು ಮಾತು ಇರಬೇಕಾಗಿಲ್ಲ. ಯಾರ ಕಾಲು ಎಷ್ಟು ದಣಿದಿದೆ, ಯಾರು ನೋವನ್ನು ಮುಚ್ಚಿಟ್ಟಿದ್ದಾರೆ, ಯಾರು ಓಟ ತಪ್ಪಿಸಿದ್ದಾರೆ ಎಂಬುದನ್ನೆಲ್ಲ ಬೆರಳೇ ಹೇಳುತ್ತದೆ. ತಾತನ ಅಧಿಕಾರ ಹುಟ್ಟಿದ್ದು ಆ ಬೆಂಚಿನ ಬಳಿ ಎಂಬುದು ನನ್ನ ನಂಬಿಕೆ. ಕುಡಿತ ಮತ್ತು ಹೊಗೆಬತ್ತಿಯ ವಿಷಯದಲ್ಲಿ ಅವರು ಕಟ್ಟುನಿಟ್ಟು. ಬಿಯರ್ ನೀರಿನಷ್ಟೇ ಸಹಜವಾದ ಬೊಹೀಮಿಯದಲ್ಲಿ, ಅಂದರೆ ಪ್ರಾಗ್ ಸುತ್ತಲಿನ ಝೆಕ್ ನಾಡಿನಲ್ಲಿ, ಹುಡುಗರು ಆ ನಿಯಮಕ್ಕೆ ತಲೆಬಾಗಿದ್ದು ಯಾವ ಭಾಷಣದಿಂದಲೂ ಆಗಿರಲಿಕ್ಕಿಲ್ಲ. ನೋವು ವಾಸಿ ಮಾಡಿದ ಕೈ ಬೇಡವೆಂದಾಗ ಕೇಳುವುದು ಸುಲಭ.

ಆಟವನ್ನು ಕಲಿಸಿದ್ದೂ ತೋರಿಸಿಕೊಟ್ಟೇ. ಚೆಂಡನ್ನು ನೆಲದ ಮೇಲೆಯೇ ಇಡುವುದು, ಹತ್ತಿರದವನಿಗೆ ಕೊಟ್ಟು ಕೂಡಲೇ ಖಾಲಿ ಜಾಗಕ್ಕೆ ಸರಿಯುವುದು, ಮತ್ತೆ ಪಡೆಯುವುದು. ಝೆಕ್ ಫುಟ್‌ಬಾಲಿನಲ್ಲಿ ‘ಊಲಿಚ್ಕಾ’ ಎಂಬ ಪದ ನೆಲೆಸಿದೆ. ಓಣಿ ಎಂದರ್ಥ. ಇಬ್ಬರು ರಕ್ಷಕರ ನಡುವಿನ ಇಕ್ಕಟ್ಟಾದ ಓಣಿಯಲ್ಲಿ ಚೆಂಡನ್ನು ತೂರಿಸುವ ಪಾಸಿಗೆ ಆ ಹೆಸರು. ಸ್ಕಾಟ್ಲೆಂಡಿನ ಸಣ್ಣ ಪಾಸು ಪ್ರಾಗ್‌ನ ಮಣ್ಣಿನಲ್ಲಿ ಬೇರುಬಿಟ್ಟು ತನ್ನದೇ ಹೆಸರನ್ನು ಪಡೆದದ್ದು ಹೀಗೆ.

ಅವರ ಝೆಕ್ ಭಾಷೆ ಕೊನೆಯವರೆಗೂ ಹರುಕುಮುರುಕಾಗಿಯೇ ಉಳಿಯಿತು. ಇದನ್ನು ಅವರ ಕೊರತೆ ಎಂದೇ ಎಣಿಸುತ್ತೇನೆ, ಅದರಲ್ಲಿ ಚಂದವೇನೂ ಕಾಣುವುದಿಲ್ಲ. ಅಷ್ಟು ವರ್ಷ ಒಂದು ಊರಿನ ಅನ್ನ ಉಂಡವರು ಆ ಊರಿನ ಮಾತನ್ನು ಇನ್ನಷ್ಟು ಕಲಿತಿದ್ದರೆ ಅವರ ವಿದ್ಯೆ ಆಟಗಾರರನ್ನು ದಾಟಿ ಇತರ ತರಬೇತುದಾರರಿಗೂ ಹರಿಯುತ್ತಿತ್ತು.

ಮೊದಲ ಗುರುತು

ಕೆಲಸ ಫಲ ಕೊಡುತ್ತಿದೆಯೇ ಎಂದು ತಿಳಿಯುವುದು ಹೇಗೆ? 1908ರ ಜೂನ್ ಒಂದು ಅಳತೆಗೋಲನ್ನು ಕೊಡುತ್ತದೆ. ಇಂಗ್ಲೆಂಡ್ ತಂಡ ಮೊದಲ ಬಾರಿಗೆ ಯುರೋಪಿನ ಒಳನಾಡಿಗೆ ಪ್ರವಾಸ ಬಂದಿತ್ತು. ವಿಯೆನ್ನಾದಲ್ಲಿ ಆಸ್ಟ್ರಿಯದ ಮೇಲೆ ಮೊದಲು 6–1, ಎರಡು ದಿನ ಬಿಟ್ಟು 11–1. ಬುಡಾಪೆಸ್ಟ್‌ನಲ್ಲಿ ಹಂಗರಿಯ ಮೇಲೆ 7–0. ಜೂನ್ 13ರಂದು ಪ್ರಾಗ್‌ನಲ್ಲಿ ಬೊಹೀಮಿಯದ ಮೇಲೆ 4–0. ಸೋಲು ಸೋಲೇ. ಆದರೆ ಅದೇ ವಾರ, ಅದೇ ಇಂಗ್ಲೆಂಡಿನ ಎದುರು, ಸಾಮ್ರಾಜ್ಯದ ಎರಡು ರಾಜಧಾನಿಗಳಿಗಿಂತ ಪ್ರಾಗ್ ಗಟ್ಟಿಯಾಗಿ ನಿಂತಿತು. ಫಲಕದಲ್ಲಿ ಸೋಲನ್ನಷ್ಟೇ ಓದುವ ಸಮಿತಿಗೆ ಇದು ಕಾಣುತ್ತಿರಲಿಲ್ಲ. ಆ ಕ್ಲಬ್ಬಿಗೆ ಕಂಡಿತು.

ಮೂರು ವರ್ಷ ಕಳೆದು 1911ರ ಮೇ ತಿಂಗಳಲ್ಲಿ ಫ್ರಾನ್ಸಿನ ರೂಬೆಯಲ್ಲಿ ನಡೆದ ಹವ್ಯಾಸಿಗಳ ಯುರೋಪಿಯನ್ ಪಂದ್ಯಾವಳಿಯಲ್ಲಿ ಬೊಹೀಮಿಯ ತಂಡ ಇಂಗ್ಲೆಂಡಿನ ಹವ್ಯಾಸಿಗಳನ್ನು 2–1ರಿಂದ ಸೋಲಿಸಿತು. ಆ ತಂಡದ ಹೆಚ್ಚಿನವರು ತಾತನ ಹುಡುಗರು. ಇದನ್ನು ಹಿಗ್ಗಿಸಿ ಹೇಳಬಾರದು. ಆಸ್ಟ್ರಿಯದ ಒತ್ತಾಯಕ್ಕೆ ಮಣಿದು 1908ರಲ್ಲಿ ಫಿಫಾ ಬೊಹೀಮಿಯವನ್ನು ಹೊರಗಿಟ್ಟಿತ್ತು. ರೂಬೆಯಲ್ಲಿ ಸೇರಿದ್ದು ಫಿಫಾದಿಂದ ಬೇರೆಯಾಗಿದ್ದ ಸಂಘಗಳು, ಅಲ್ಲಿಗೆ ಬಂದ ಇಂಗ್ಲಿಷರು ತಮ್ಮ ದೇಶದ ಅತ್ಯುತ್ತಮ ಹನ್ನೊಂದು ಮಂದಿ ಅಲ್ಲ. ಆದರೂ ತನ್ನದೇ ರಾಷ್ಟ್ರವಿಲ್ಲದ ನಾಡೊಂದು ಆಟದ ಒಡೆಯರನ್ನು ಮಣಿಸಿದ್ದು ಜನರ ಮನಸ್ಸಿನಲ್ಲಿ ಏನು ಮಾಡಿರಬಹುದು ಎಂದು ನಮಗೆ ಯಾರೂ ವಿವರಿಸಬೇಕಾಗಿಲ್ಲ. ಅದೇ ವರ್ಷದ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು ಮಣಿಸಿ ಐಎಫ್‌ಎ ಶೀಲ್ಡ್ ಗೆದ್ದಿತು. ಅಲ್ಲಿಯೂ ಅಂತರ 2–1.

ಯುದ್ಧ, ಮತ್ತು ಉಳಿಯುವ ನಿರ್ಧಾರ

1914ರಲ್ಲಿ ಯುದ್ಧ ಬಂದಾಗ ಯುರೋಪಿನ ಒಳನಾಡಿನಲ್ಲಿದ್ದ ಬ್ರಿಟಿಷ್ ತರಬೇತುದಾರರು ಒಂದೇ ದಿನದಲ್ಲಿ ಶತ್ರುಗಳಾದರು. ಡ್ರೆಸ್ಡನ್ನಿನಲ್ಲಿದ್ದ ಜಾನ್ ಕ್ಯಾಮರೂನ್, ಬರ್ಲಿನ್ನಿಗೆ ಬಂದಿದ್ದ ಸ್ಟೀವ್ ಬ್ಲೂಮರ್, ಫ್ರೆಡ್ ಪೆಂಟ್‌ಲೆಂಡ್ ಇವರೆಲ್ಲ ಬರ್ಲಿನ್ ಬಳಿಯ ರೂಲೆಬೆನ್ ಬಂಧನ ಶಿಬಿರದಲ್ಲಿ ವರ್ಷಗಟ್ಟಲೆ ಇದ್ದರು. ವಿಯೆನ್ನಾದಲ್ಲಿ ಸಿಕ್ಕಿಬಿದ್ದ ಜಿಮ್ಮಿ ಹೋಗನ್ ಬುಡಾಪೆಸ್ಟ್ ಸೇರಿ ಅಲ್ಲಿಯ ಹುಡುಗರಿಗೆ ಆಟ ಕಲಿಸಿದರು. ತಾತ ಪ್ರಾಗ್ ಬಿಡಲಿಲ್ಲ. ಅಲ್ಲಿಯ ಹೆಣ್ಣುಮಗಳನ್ನು ಮದುವೆಯಾಗಿ ಅಲ್ಲಿಯೇ ಮನೆ ಮಾಡಿದ್ದರು. ಯುದ್ಧ ಮುಗಿಯುವ ಹೊತ್ತಿಗೆ ಅವರು ಊರು ಬದಲಿಸಿರಲಿಲ್ಲ, ದೇಶವೇ ಬದಲಾಗಿತ್ತು. 1918ರ ಅಕ್ಟೋಬರ್ 28ರಂದು ಝೆಕೊಸ್ಲೊವಾಕಿಯ ಹುಟ್ಟಿತು.

ಪ್ರಕರಣದ ನಿಜವಾದ ತಿರುವು ನನ್ನ ಲೆಕ್ಕದಲ್ಲಿ ಇದರ ನಂತರ ಬರುತ್ತದೆ. ಅದು ಗೆಲುವಿನ ಕ್ಷಣವಲ್ಲವಾದ್ದರಿಂದ ಅದರ ಬಗ್ಗೆ ಹೆಚ್ಚು ಮಾತಾಡುವವರಿಲ್ಲ.

ಯುದ್ಧದ ಬಳಿಕ ನಗರದ ಎದುರಾಳಿ ಕ್ಲಬ್ ಎದ್ದು ನಿಂತಿತು. 1920ರ ಆಸುಪಾಸಿನಲ್ಲಿ ಅವರನ್ನು ತಡೆಯುವವರೇ ಇರಲಿಲ್ಲ. ಜನ ಅದಕ್ಕೆ ‘ಕಬ್ಬಿಣದ ತಂಡ’ ಎಂಬ ಬಿರುದು ಕೊಟ್ಟರು. ತಾತನಿಗೆ ಇನ್ನೂ ಕಹಿಯಾಗಿದ್ದಿರಬಹುದಾದ ಸಂಗತಿ, 1919ರಿಂದ 1923ರ ವರೆಗೆ ಆ ತಂಡಕ್ಕೆ ಕಲಿಸಿದವರೂ ಸ್ಕಾಟ್ಲೆಂಡಿನವರೇ, ತಾತನಿಗಿಂತ ಕಿರಿಯರು. ಅಂದರೆ ‘ನಮ್ಮಲ್ಲಿ ಸ್ಕಾಟ್ಲೆಂಡಿನ ಗುರು ಇದ್ದಾರೆ’ ಎನ್ನುವುದು ಇನ್ನು ಹೆಗ್ಗಳಿಕೆಯಾಗಿ ಉಳಿಯಲಿಲ್ಲ. ತಾತನಿಗೆ ಐವತ್ತೈದು ದಾಟಿತ್ತು. ಅವರನ್ನು ಗೌರವದಿಂದ ಬೀಳ್ಕೊಟ್ಟು ಕಿರಿಯರೊಬ್ಬರನ್ನು ತರಲು ಇದಕ್ಕಿಂತ ಒಳ್ಳೆಯ ಕಾರಣ ಯಾವ ಸಮಿತಿಗೆ ಬೇಕು?

ಕ್ಲಬ್ ಅದನ್ನು ಮಾಡಲಿಲ್ಲ. ತಾತನನ್ನೇ ಉಳಿಸಿಕೊಂಡಿತು. ಈ ಒಂದು ನಿರ್ಧಾರಕ್ಕಾಗಿಯೇ ನಾನು ಈ ಪ್ರಕರಣವನ್ನು ಬರೆಯುತ್ತಿದ್ದೇನೆ ಎಂದರೂ ಸಲ್ಲುತ್ತದೆ. ಆ ವರ್ಷಗಳು ಬರಡಾಗಿರಲಿಲ್ಲ ಎಂಬುದು ಇಂದು ಹಿಂತಿರುಗಿ ನೋಡಿದಾಗ ತಿಳಿಯುತ್ತದೆ. 1923ರಲ್ಲಿ ಹತ್ತೊಂಬತ್ತರ ಆಸುಪಾಸಿನ ಗೋಲ್ ಕೀಪರ್ ಒಬ್ಬ ಕ್ಲಬ್ಬಿಗೆ ಬಂದ. ಎತ್ತರ 172 ಸೆಂಟಿಮೀಟರ್ ಮಾತ್ರ, ಗೋಲಿನ ಕಂಬಗಳ ನಡುವೆ ನಿಲ್ಲುವವನಿಗೆ ಅದು ಕಡಿಮೆಯೇ. ಜಿಗಿತ ಮತ್ತು ಕಣ್ಣಿನ ಚುರುಕು ಆ ಕೊರತೆಯನ್ನು ತುಂಬಿದವು. ಮುಂದೆ ಆತ ದೇಶದ ನಾಯಕನಾದ. ಇಂಥ ಹುಡುಗರು ಮಾಗಲು ಬೇಕಾದ ಕಾಲವನ್ನು ಕ್ಲಬ್ ಕೊಟ್ಟದ್ದು ತಾತನನ್ನು ಉಳಿಸಿಕೊಂಡದ್ದರ ಇನ್ನೊಂದು ಮುಖ.

ಇದಕ್ಕೆ ಹೋಲಿಕೆಯಾಗಿ ಆ ಮೊದಲ ಆಯ್ಕೆಯವರನ್ನು ನೋಡಬಹುದು. ಅವರು 1906ರಲ್ಲಿಯೇ ಲಂಡನ್ನಿನ ಕ್ಲಬ್ಬನ್ನು ಬಿಟ್ಟರು. ಮತ್ತೊಂದು ಇಂಗ್ಲಿಷ್ ಕ್ಲಬ್ಬಿನಲ್ಲಿ ಕೆಲ ಕಾಲ ಇದ್ದು, 1911ರಿಂದ 1913ರ ವರೆಗೆ ಬುಡಾಪೆಸ್ಟ್‌ನಲ್ಲಿ ಕಲಿಸಿದರು. ಬುಡಾಪೆಸ್ಟ್ ಇಂದಿಗೂ ಅವರನ್ನು ನೆನೆಯುತ್ತದೆ, ಪ್ರತಿಭೆಯಲ್ಲಿ ಅವರು ತಾತನಿಗಿಂತ ಮೇಲಿದ್ದಿರಲೂಬಹುದು. ಆದರೆ ಅವರು ನೆಟ್ಟದ್ದಕ್ಕೆ ನೀರೆರೆದದ್ದು ಬೇರೆಯವರು. ಕಲಿಸುವವರಿಗೆ ಪ್ರತಿಭೆ ಎಷ್ಟಿದ್ದರೂ ತಾವು ಬಿತ್ತಿದ್ದನ್ನು ತಾವೇ ನಿಂತು ನೋಡಿ ತಿದ್ದಿಕೊಳ್ಳುವ ಅವಕಾಶ ಬೇಕು. ಇಪ್ಪತ್ತರ ಹುಡುಗನಿಗೆ ಕಲಿಸಿದ್ದು ಸರಿಯೋ ತಪ್ಪೋ ಎಂಬುದು ಅವನಿಗೆ ಇಪ್ಪತ್ತಾರಾದಾಗ ತಿಳಿಯುತ್ತದೆ.

ದೀರ್ಘಕಾಲ ಇಟ್ಟುಕೊಂಡರೆ ಸಾಕು, ಎಲ್ಲ ತರಬೇತುದಾರರೂ ಹೀಗಾಗುತ್ತಾರೆ ಎಂದು ನಾನು ಹೇಳುತ್ತಿಲ್ಲ. ಕುರ್ಚಿಗೆ ಅಂಟಿ ಕುಳಿತು ಎರಡು ತಲೆಮಾರಿನ ಹುಡುಗರನ್ನು ಕೆಡಿಸಿದವರನ್ನೂ ಕಂಡಿದ್ದೇನೆ. ಉಳಿಸಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ, ಈ ಮನುಷ್ಯ ಇಂದಿಗೂ ಹುಡುಗರ ಕಾಲು ಮುಟ್ಟಿ ನೋಡುತ್ತಾರೆಯೇ ಎಂಬುದು. ತಾತನ ವಿಷಯದಲ್ಲಿ ಅದಕ್ಕೆ ಉತ್ತರ ಸ್ಪಷ್ಟವಾಗಿತ್ತು.

ಮುಪ್ಪಿನಲ್ಲಿ ಬಂದ ಸುಗ್ಗಿ

1925ರಲ್ಲಿ ಝೆಕೊಸ್ಲೊವಾಕಿಯ ವೃತ್ತಿಪರ ಆಟಕ್ಕೆ ಬಾಗಿಲು ತೆರೆಯಿತು. ಮೊದಲ ಲೀಗನ್ನು ಗೆದ್ದದ್ದು ತಾತನ ತಂಡ. ಅವರಿಗಾಗ ಅರವತ್ತರ ಹೊಸ್ತಿಲು. ಅದೇ ವರ್ಷ ಆಫ್‌ಸೈಡ್ ನಿಯಮವೂ ಬದಲಾಯಿತು. ಮುಂದಿರುವ ಆಟಗಾರನಿಗೂ ಗೋಲಿಗೂ ನಡುವೆ ಮೂವರು ಎದುರಾಳಿಗಳಿರಬೇಕಾಗಿದ್ದಲ್ಲಿ ಇಬ್ಬರಿದ್ದರೆ ಸಾಕು ಎಂದಾಯಿತು. ಮುಂದಿನ ಮೂರು ಲೀಗ್‌ಗಳು ಬೇರೆಯವರ ಪಾಲಾದವು. ಆಗಲೂ ಕ್ಲಬ್ ಅವರನ್ನು ಬಿಡಲಿಲ್ಲ. 1928–29ರಲ್ಲಿ ಮತ್ತೆ ಗೆಲುವು. ಮಧ್ಯ ಯುರೋಪಿನ ಕ್ಲಬ್‌ಗಳ ಪಂದ್ಯಾವಳಿಯಾದ ಮಿಟ್ರೋಪಾ ಕಪ್‌ನ 1929ರ ಫೈನಲಿನಲ್ಲಿ ಬುಡಾಪೆಸ್ಟಿನ ಊಯ್‌ಪೆಷ್ಟ್ ತಂಡದ ಎದುರು ಸೋಲು. 1929–30ರ ಲೀಗಿನಲ್ಲಿ ಆಡಿದ್ದು ಹದಿನಾಲ್ಕು ಪಂದ್ಯ, ಗೆದ್ದದ್ದು ಹದಿನಾಲ್ಕೂ. ಒಂದು ಡ್ರಾ ಕೂಡ ಇಲ್ಲ. ಆ ವರ್ಷ, ಕಾಲಿಟ್ಟು ಇಪ್ಪತ್ತೈದು ವರ್ಷವಾದ ಮೇಲೆ, ತಾತ ಕೆಲಸದಿಂದ ನಿವೃತ್ತರಾದರು.

ನಿವೃತ್ತಿಯ ಬಳಿಕ ನಡೆದದ್ದನ್ನೂ ಪ್ರಕರಣದ ಭಾಗವೆಂದೇ ಪರಿಗಣಿಸುತ್ತೇನೆ. 1934ರ ಜೂನ್ 10ರಂದು ರೋಮ್‌ನಲ್ಲಿ ವಿಶ್ವಕಪ್ ಫೈನಲ್. ಹೆಚ್ಚುವರಿ ಸಮಯದಲ್ಲಿ ಇಟಲಿ 2–1ರಿಂದ ಗೆದ್ದಿತು. ಮೊದಲ ಗೋಲು ಹೊಡೆದು ಇಟಲಿಯನ್ನು ನಡುಗಿಸಿದ ಝೆಕೊಸ್ಲೊವಾಕಿಯ ತಂಡದ ಹನ್ನೊಂದು ಮಂದಿಯಲ್ಲಿ ಎಂಟು ಜನ ಆಗ ಕೆಂಪು ಬಿಳಿಯ ಕ್ಲಬ್ಬಿನವರು. ಆ ಗೋಲು ಹೊಡೆದವರೂ, ಗೋಲು ಕಾಯುತ್ತಿದ್ದ ನಾಯಕರೂ ತಾತನ ಕೈಕೆಳಗೆ ಆಡಿ ಬೆಳೆದವರು. ಉಳಿದ ಮೂವರು ಬಂದದ್ದು ನಗರದ ಎದುರಾಳಿ ಕ್ಲಬ್ಬಿನಿಂದ. ಇಡೀ ತಂಡ ಒಂದೇ ಊರಿನ ಎರಡು ಕ್ಲಬ್‌ಗಳದು, ಆ ಎರಡೂ ಸ್ಕಾಟ್ಲೆಂಡಿನವರ ಕೈಯಲ್ಲಿ ಪಾಠ ಕಲಿತವು.

ತಾತ ಸ್ಕಾಟ್ಲೆಂಡಿಗೆ ಮರಳಿ ಹೋಗಿ ನೆಲೆಸಲಿಲ್ಲ. ಕಾಲು ಸೋತ ಮೇಲೂ ಗಾಲಿಕುರ್ಚಿಯಲ್ಲಿ ಮೈದಾನಕ್ಕೆ ಬಂದು ಹುಡುಗರ ಅಭ್ಯಾಸ ನೋಡುತ್ತಿದ್ದರು. 1948ರ ಏಪ್ರಿಲಿನಲ್ಲಿ, ದೇಶದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದು ಎರಡು ತಿಂಗಳೂ ತುಂಬದಿದ್ದಾಗ, ಪ್ರಾಗ್‌ನಲ್ಲಿಯೇ ತೀರಿಕೊಂಡರು. ಹೊಸ ಸರಕಾರ ಮುಂದೆ ಕ್ಲಬ್ಬಿನ ಹೆಸರನ್ನು ಬದಲಿಸಿತು. ಆಮೇಲೆ ಕ್ಲಬ್ ಲೆಟ್ನಾ ಗುಡ್ಡದ ಮೇಲಿನ ತನ್ನ ಹಳೆಯ ಮೈದಾನವನ್ನೂ ಬಿಡಬೇಕಾಯಿತು. ಅದನ್ನೆಲ್ಲ ನೋಡಲು ತಾತ ಇರಲಿಲ್ಲ. ಓಲ್ಶಾನಿ ಸ್ಮಶಾನಕ್ಕೆ ಅವರ ಶವಪೆಟ್ಟಿಗೆಯನ್ನು ಹೊತ್ತು ನಡೆದವರು ಕ್ಲಬ್ಬಿನ ಆಟಗಾರರು.